ಕುಠಾಳಿಯ ಮೇಷ್ಟ್ರು: ಮಾತಾನಿ ಸಾಲ್ಡಾನಾ ಗೆದ್ದದ್ದೆಲ್ಲಿ, ನಿಂತದ್ದೆಲ್ಲಿ

ಗೋವಾದ ಬಂದರು ಊರು ವಾಸ್ಕೋದಿಂದ ಮಡಗಾಂವ ಕಡೆಗೆ ಹೊರಟರೆ ದಾಬೋಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಒಂದು ಗುಡ್ಡ ಸಿಗುತ್ತದೆ. ದಾಖಲೆಯಲ್ಲಿ ಅದು ಝುವಾರಿನಗರ, ನಮ್ಮ ಮಂದಿಯ ಬಾಯಲ್ಲಿ ಬಿರ್ಲಾ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಇಲ್ಲಿ ನೆಲೆ ನಿಂತಿವೆ. ಗಾರೆ ಕೆಲಸ, ಸೆಂಟ್ರಿಂಗ್, ಬಂದರಿನ ಹಮಾಲಿ, ವೆರ್ಣಾ ಕೈಗಾರಿಕಾ ವಸಾಹತಿನ ಪಾಳಿ ಕೆಲಸ ಅವರ ಬದುಕು. ಗುಡ್ಡದ ಪಡುವಣಕ್ಕೆ ಇಳಿದರೆ ವೆಳ್ಸಾಂವ್ ಕಡಲತೀರ. ಅಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಮೀನುಗಾರರ ಮನೆಗಳು, ತೆಂಗು, ಪುಟ್ಟ ಇಗರ್ಜಿ. ಗುಡ್ಡ ಮತ್ತು ತೀರ ಎರಡೂ ಕುಠಾಳಿ ವಿಧಾನಸಭಾ ಕ್ಷೇತ್ರಕ್ಕೇ ಸೇರಿವೆ.

ಮಾತಾನಿ ಸಾಲ್ಡಾನಾ ಈ ಕ್ಷೇತ್ರದ ರಾಜಕಾರಣಿ. ವೃತ್ತಿಯಿಂದ ಶಾಲಾ ಶಿಕ್ಷಕ, ಮನಸ್ಸಿನಿಂದ ಚಳವಳಿಗಾರ. ಕಡಲು, ಗಾಳಿ, ನೆಲ ಎಂದು ನಾಲ್ಕು ದಶಕ ಬೀದಿಯಲ್ಲಿ ನಿಂತ ಅವರು ಶಾಸಕರಾದರು, ಮಂತ್ರಿಯೂ ಆದರು. 2012ರಲ್ಲಿ ತೀರಿಕೊಂಡರು. ಪರಿಸರದ ಮಾತಿನಿಂದ ಮೇಲೆ ಬಂದ ರಾಜಕಾರಣಿಗೆ ಅಧಿಕಾರ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ತಿಳಿಯಲು ಇವರಷ್ಟು ಸ್ಪಷ್ಟವಾದ ಪ್ರಕರಣ ಗೋವಾದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಬೀದಿಯಲ್ಲಿದ್ದಾಗ ಅವರು ಗೆದ್ದದ್ದು ದೊಡ್ಡದು, ಕುರ್ಚಿಯಲ್ಲಿ ಸಿಕ್ಕಿದ್ದು ಸಣ್ಣದು. ಅವರ ಚಳವಳಿ ಗುಡ್ಡದ ಮೇಲಿನ ಕನ್ನಡಿಗರ ಓಣಿಯನ್ನು ಮುಟ್ಟಲೇ ಇಲ್ಲ. ಈ ಎರಡನೆಯದು ಗೋವಾದ ಬರಹಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸತ್ತ ಮೀನು

ಗುಡ್ಡಕ್ಕೆ ಬಿರ್ಲಾ ಎಂಬ ಹೆಸರು ಬಂದದ್ದು ಗೊಬ್ಬರದ ಕಾರ್ಖಾನೆಯಿಂದ. ಕೆ.ಕೆ. ಬಿರ್ಲಾ ಅವರ ಸಮೂಹ ಅಮೆರಿಕದ ಯುಎಸ್ ಸ್ಟೀಲ್ ಕಂಪನಿಯ ಜತೆ ಸೇರಿ ಕಟ್ಟಿದ ಝುವಾರಿ ಆಗ್ರೋ ಕೆಮಿಕಲ್ಸ್ 1973ರಲ್ಲಿ ಅಮೋನಿಯಾ, ಯೂರಿಯಾ ತಯಾರಿಕೆ ಶುರು ಮಾಡಿತು. ಪೋರ್ಚುಗೀಸರು ಹೋಗಿ ಆಗಿನ್ನೂ ಹನ್ನೆರಡು ವರ್ಷ. ದೊಡ್ಡ ಕಾರ್ಖಾನೆ ಬಂತು ಎಂಬ ಹೆಮ್ಮೆ ಪಣಜಿಯಲ್ಲಿ. ವೆಳ್ಸಾಂವ್‌ನಲ್ಲಿ ಮಾತ್ರ 1974ರ ಹೊತ್ತಿಗೆ ಮೀನು ಸತ್ತು ದಡಕ್ಕೆ ಬಂದು ಬಿದ್ದವು. ಕಾರ್ಖಾನೆಯ ತ್ಯಾಜ್ಯ ನೀರಿನಲ್ಲಿ ಆರ್ಸೆನಿಕ್ ಇತ್ತು, ಅಮೋನಿಯಾ ಇತ್ತು. ಬಾವಿಯ ನೀರಿನ ಮೇಲೂ ಜನರಿಗೆ ಭಯ ಹುಟ್ಟಿತು.

ಭಾರತದಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದೇ 1974ರಲ್ಲಿ. ಅಂದರೆ ದೂರು ಕೊಡಲು ಹೋದರೆ ಕೇಳುವ ಕಚೇರಿ ಕೂಡ ಸರಿಯಾಗಿ ಇರಲಿಲ್ಲ. ಊರವರು ಸಭೆ ಸೇರಿದರು, ಮೆರವಣಿಗೆ ಹೊರಟರು. ಆಗ ಮುಂದೆ ನಿಂತವರಲ್ಲಿ ಇಪ್ಪತ್ತೈದರ ಆಸುಪಾಸಿನ ಸಾಲ್ಡಾನಾ ಒಬ್ಬರು. ಪಾಠ ಹೇಳುವ ಕೆಲಸ ಅವರಿಗೆ ಒಂದು ಶಿಸ್ತು ಕೊಟ್ಟಿತ್ತು. ರಸಾಯನದ ವಿಷಯವನ್ನು ಮೀನುಗಾರನಿಗೆ ಅರ್ಥವಾಗುವ ಕೊಂಕಣಿಯಲ್ಲಿ ಹೇಳಬಲ್ಲವರು, ಮೀನುಗಾರನ ಸಿಟ್ಟನ್ನು ಅಧಿಕಾರಿಗೆ ಅರ್ಜಿಯಾಗಿ ಬರೆದುಕೊಡಬಲ್ಲವರು ಅಂದಿನ ತೀರದಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಐದು ಕಿಲೋಮೀಟರ್

ಅವರ ಹೆಸರು ಗೋವಾದ ಆಚೆಗೂ ಹಬ್ಬಿದ್ದು ರಾಂಪೊಣ್‌ಕಾರರ, ಅಂದರೆ ರಂಪಣಿ ಬಲೆಯ ಮೀನುಗಾರರ, ಹೋರಾಟದಿಂದ. ಕಾರವಾರ, ಭಟ್ಕಳ, ಮಲ್ಪೆಯ ಹಳಬರಿಗೆ ರಂಪಣಿ ಬಲೆಯನ್ನು ವಿವರಿಸಬೇಕಿಲ್ಲ. ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ದೋಣಿಯೊಂದು ಬಲೆಯನ್ನು ಹೊತ್ತು ದಡದಿಂದ ಹೊರಟು, ಕಡಲಲ್ಲಿ ಅರ್ಧ ವೃತ್ತ ಬಿಡಿಸಿ, ಇನ್ನೊಂದು ಜಾಗದಲ್ಲಿ ದಡಕ್ಕೆ ಬರುತ್ತದೆ. ಎರಡು ತುದಿಯ ಹಗ್ಗ ಮರಳಿನ ಮೇಲಿರುತ್ತದೆ. ಆಮೇಲೆ ಎಳೆಯುವುದು. ಒಂದೊಂದು ಹಗ್ಗಕ್ಕೆ ಹತ್ತಾರು ಜನ, ಹಿಮ್ಮಡಿ ಮರಳಲ್ಲಿ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ, ಹಾಡಿನ ಲಯಕ್ಕೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ಹಿಂದಿನ ತುದಿಗೆ ಹೋದವನು ಹಗ್ಗ ಬಿಟ್ಟು ಓಡಿ ನೀರಂಚಿಗೆ ಬಂದು ಮತ್ತೆ ಹಿಡಿಯುತ್ತಾನೆ. ಗಂಟೆಗಟ್ಟಲೆ ಎಳೆದ ಮೇಲೆ ಬಲೆಯ ಹೊಟ್ಟೆ ದಡಕ್ಕೆ ಬರುತ್ತದೆ, ಬಂಗುಡೆ ತಾರ್ಲಿ ಮಿರಿಮಿರಿ ಹಾರುತ್ತವೆ. ಹಿಡಿದ ಮೀನು ಎಳೆದವರೆಲ್ಲರಿಗೂ ಪಾಲು. ವಿಧವೆಗೆ ಪಾಲು, ಇಗರ್ಜಿಗೆ ಪಾಲು. ಒಬ್ಬನಿಂದ ಆಗದ ಕೆಲಸ ಇದು, ಒಬ್ಬನೇ ಲಾಭ ತಿನ್ನುವ ಕೆಲಸವೂ ಅಲ್ಲ.

ಈ ಬಲೆಗೆ ಮೀನು ತಾನಾಗಿ ದಡದ ಹತ್ತಿರ ಬರಬೇಕು. ಅರವತ್ತರ ದಶಕದಿಂದ ಸರ್ಕಾರದ ಸಹಾಯಧನದಲ್ಲಿ ಇಳಿದ ಯಾಂತ್ರಿಕ ಟ್ರಾಲರ್‌ಗಳು ಅದೇ ದಡದ ಹತ್ತಿರ ಬಂದು ಕಡಲ ತಳ ಗುಡಿಸತೊಡಗಿದವು. ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದಿತ್ತು, ಸೀಗಡಿ ಸಿಗುವುದು ಆಳವಿಲ್ಲದ ನೀರಲ್ಲಿ. ಮೊಟ್ಟೆ, ಮರಿ, ಕೆಸರು ಎಲ್ಲ ಒಟ್ಟಿಗೆ ಮೇಲೆ ಬಂತು. ಟ್ರಾಲರ್ ಖರೀದಿಸಿದವರಲ್ಲಿ ಜೀವಮಾನದಲ್ಲಿ ಬಲೆ ಮುಟ್ಟದ ಹಣವಂತರು ಬಹಳ ಮಂದಿ ಇದ್ದರು. ತೀರದಲ್ಲಿ ಬಲೆ ಹರಿದವು, ದೋಣಿಗಳು ಖಾಲಿ ಬಂದವು.

ಎಪ್ಪತ್ತರ ದಶಕದ ಕೊನೆಯಲ್ಲಿ ಗೋಂಯ್ಚ್ಯಾ ರಾಂಪೊಣ್‌ಕಾರಾಂಚೊ ಏಕ್ವಟ್ (ಗೋವಾದ ರಂಪಣಿಗಾರರ ಒಗ್ಗಟ್ಟು) ಹೆಸರಿನಲ್ಲಿ ಮೀನುಗಾರರು ಒಗ್ಗೂಡಿದರು, ಸಾಲ್ಡಾನಾ ಅದರ ನಾಯಕ. ಉಪವಾಸ, ಮೆರವಣಿಗೆ, ಬಂಧನ ಎಲ್ಲವೂ ನಡೆದವು. 1978ರಲ್ಲಿ ದೇಶದ ಬೇರೆ ಬೇರೆ ಕರಾವಳಿಯ ನಾಡದೋಣಿ ಸಂಘಟನೆಗಳು ಸೇರಿ ರಾಷ್ಟ್ರಮಟ್ಟದ ವೇದಿಕೆ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಮುಂದೆ ಅದು ನ್ಯಾಷನಲ್ ಫಿಶ್‌ವರ್ಕರ್ಸ್ ಫೋರಮ್ ಎಂದು ಹೆಸರಾಯಿತು.

ಅವರ ಬೇಡಿಕೆ ಒಂದೇ: ದಡದಿಂದ ಇಷ್ಟು ದೂರದವರೆಗೆ ಟ್ರಾಲರ್ ಬರಬಾರದು. 1980ರಲ್ಲಿ ಗೋವಾ, ದಮನ್ ಮತ್ತು ದಿಯು ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು, ಐದು ಕಿಲೋಮೀಟರ್ ಒಳಗಿನ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಾಯಿತು. ಕೇರಳ ಅದೇ ವರ್ಷ, ಮಹಾರಾಷ್ಟ್ರ ಮರುವರ್ಷ ಇಂಥದೇ ಕಾಯ್ದೆ ಮಾಡಿದವು. ನಮ್ಮ ಕರ್ನಾಟಕ ಮಾಡಿದ್ದು 1986ರಲ್ಲಿ. ಅಷ್ಟರೊಳಗೆ ಮಲ್ಪೆ, ಮಂಗಳೂರು ಕಡೆ ಯಂತ್ರದೋಣಿಯಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮುಗಿಸಿಯೇ ಬಿಟ್ಟಿತ್ತು. ರಂಪಣಿ ಗುಂಪುಗಳಲ್ಲಿ ಕೆಲವರು ತಾವೇ ಪರ್ಸೀನ್ ಮಾಲೀಕರಾದರು, ಉಳಿದವರು ಅವರ ದೋಣಿಗೆ ಕೂಲಿಯಾಳಾದರು. ಎರಡೂ ಕಡೆ ಅದೇ ಬಲೆ, ಅದೇ ಮೀನು, ಬಹುಪಾಲು ಅದೇ ಸಂಕಟ. ಕಾಯ್ದೆ ತಡವಾಗುವುದಕ್ಕೆ ಕಾರಣ ಹಲವು ಇರಬಹುದು. ಆದರೆ ಒಂದು ಸಂಖ್ಯೆಯನ್ನು ಹಿಡಿದು ಅದನ್ನೇ ವರ್ಷಗಟ್ಟಲೆ ಕೇಳುತ್ತಾ ನಿಂತ ಸಂಘಟನೆ ಗೋವಾದಲ್ಲಿ ಇತ್ತು ಎಂಬುದು ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ.

ಜಾರಿ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಟ್ರಾಲರ್‌ಗಳು ರಾತ್ರಿ ಗೆರೆ ದಾಟುತ್ತವೆ. 2017ರಲ್ಲಿ ಕೇಂದ್ರವೇ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿದ ಮೇಲೂ ಅದರ ವಿರುದ್ಧ ಗೋವಾದ ನಾಡದೋಣಿಯವರು ಬೀದಿಗೆ ಬರುತ್ತಲೇ ಇದ್ದಾರೆ. ಆದರೂ ದೂರು ಕೊಡಲು ಅವರ ಕೈಯಲ್ಲಿ ಒಂದು ಕಾನೂನಿದೆ. ಸಾಲ್ಡಾನಾ ಆಗ ಶಾಸಕರಲ್ಲ, ಅವರ ಹಿಂದೆ ಪಕ್ಷವೂ ಇರಲಿಲ್ಲ. ಅವರ ಬದುಕಿನ ಅತಿ ಗಟ್ಟಿಯಾದ ಸಾಧನೆ ಇದೇ.

ಪಕ್ಷದ ಲೆಕ್ಕ

ಬೀದಿಯಿಂದ ಮತಪೆಟ್ಟಿಗೆಗೆ ಹೋಗುವ ದಾರಿ ಮತ್ತೆ ಗುಡ್ಡದ ಮೇಲಿಂದಲೇ ಹಾದುಹೋಯಿತು. ಸಾಂಕ್ವಾಳದಲ್ಲಿ ಲೋಹದ ಗುಜರಿಯಿಂದ ತಾಮ್ರ ಹಿತ್ತಾಳೆ ಪಟ್ಟಿ ತಯಾರಿಸುವ ಮೆಟಾ ಸ್ಟ್ರಿಪ್ಸ್ ಕಾರ್ಖಾನೆ ಬರುತ್ತದೆಂದಾಗ, 2000ದ ಆಸುಪಾಸಿನಲ್ಲಿ, ವಿಷದ ಹೊಗೆ ಬರುತ್ತದೆಂಬ ಭಯದಿಂದ ದೊಡ್ಡ ಚಳವಳಿ ಎದ್ದಿತು. ರಸ್ತೆ ತಡೆ ನಡೆಯಿತು. ಸಾಲ್ಡಾನಾ ಮತ್ತೆ ಮುಂಚೂಣಿಯಲ್ಲಿದ್ದರು. 2002ರ ಚುನಾವಣೆಯಲ್ಲಿ ಯುನೈಟೆಡ್ ಗೋವನ್ಸ್ ಡೆಮಾಕ್ರಾಟಿಕ್ ಪಾರ್ಟಿಯಿಂದ (ಯುಜಿಡಿಪಿ) ಕುಠಾಳಿಯಲ್ಲಿ ಗೆದ್ದರು.

ಆ ಸಲ ನಲವತ್ತು ಸ್ಥಾನದಲ್ಲಿ ಬಿಜೆಪಿಗೆ ಬಂದದ್ದು 17, ಕಾಂಗ್ರೆಸ್‌ಗೆ 16. ಮನೋಹರ ಪರ್ರಿಕರ್ ಸರ್ಕಾರ ನಿಲ್ಲಬೇಕಾದರೆ ಸಣ್ಣ ಪಕ್ಷಗಳು ಬೇಕು. ಯುಜಿಡಿಪಿ ಸೇರಿಕೊಂಡಿತು, ಸಾಲ್ಡಾನಾ ಪ್ರವಾಸೋದ್ಯಮ ಮಂತ್ರಿಯಾದರು. ಕ್ರೈಸ್ತ ಮೀನುಗಾರರ ನಾಯಕ ಬಿಜೆಪಿ ಜತೆಗೆ ಹೋದದ್ದು ಹಲವರಿಗೆ ನುಂಗಲಾರದ ತುತ್ತಾಯಿತು. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಚಳವಳಿಗಾರನಿಗೆ ಒಬ್ಬ ಮುಖ್ಯಮಂತ್ರಿ ಕಿವಿಗೊಟ್ಟರೆ ಸಾಕು, ಕೆಲಸ ಆಗುತ್ತದೆ ಎಂಬ ಆಸೆ ಸಹಜ. ಕಾಂಗ್ರೆಸ್ಸಿನ ಹಳೆಯ ಮುಖಂಡರು ಟ್ರಾಲರ್ ಮಾಲೀಕರಿಗೂ ಕಾರ್ಖಾನೆಗೂ ಎಷ್ಟು ಹತ್ತಿರ ಎಂದು ಅವರು ಕಣ್ಣಾರೆ ಕಂಡಿದ್ದರು.

ಆದರೆ ಪ್ರವಾಸೋದ್ಯಮ ಎಂಬುದು ಅವರು ಕಾಯಲು ಹೊರಟ ಅದೇ ಮರಳಿನ ಮೇಲೆ ನಿಂತ ಇಲಾಖೆ. ಹೋಟೆಲು, ಶ್ಯಾಕು ಎಂಬ ಕಡಲದಡದ ಚಪ್ಪರದ ಹೋಟೆಲು, ಪಾರ್ಕಿಂಗು ಬೇಕೆನ್ನುವವರ ಅರ್ಜಿ ದಿನಾ ಆ ಮೇಜಿಗೆ ಬರುತ್ತದೆ. 2005ರ ಆರಂಭದಲ್ಲಿ ಸರ್ಕಾರವೂ ಬಿತ್ತು. ಐದು ಕಿಲೋಮೀಟರಿನ ಹಾಗೆ ಬೆರಳಿಟ್ಟು ತೋರಿಸಬಹುದಾದ ಒಂದು ಗೆರೆ ಆ ಮಂತ್ರಿಗಿರಿಯಿಂದ ಹುಟ್ಟಲಿಲ್ಲ.

ಮುಂದಿನ ಕೆಲವು ವರ್ಷ ಮತ್ತೆ ಬೀದಿಯವು. ಆ ಅವಧಿಯಲ್ಲಿ ಗೋವಾದ ಜನ ಎರಡು ದೊಡ್ಡ ಗೆಲುವು ಕಂಡರು. ಹೊಲ, ಗುಡ್ಡ, ತೋಟವನ್ನು ಕಟ್ಟಡಕ್ಕೆ ತೆರೆದಿಟ್ಟ 'ಪ್ರಾದೇಶಿಕ ಯೋಜನೆ 2011' ಎಂಬ ಭೂಬಳಕೆ ಯೋಜನೆ ವಾಪಸಾಯಿತು. ವಿಶೇಷ ಆರ್ಥಿಕ ವಲಯಗಳನ್ನೆಲ್ಲ ಕೈಬಿಡುವುದಾಗಿ ಮುಖ್ಯಮಂತ್ರಿ ದಿಗಂಬರ ಕಾಮತ್ 2007ರ ಕೊನೆಯ ದಿನ ಘೋಷಿಸಿದರು. ಈ ಗೆಲುವುಗಳಿಗೆ ಹಲವು ಸಂಘಟನೆ, ಹಲವು ಮುಖ. ಸಾಲ್ಡಾನಾ ದನಿ ಅದರಲ್ಲಿ ಒಂದು.

ವಿಶೇಷ ಸ್ಥಾನಮಾನ, ಮತ್ತು ನಮ್ಮ ಓಣಿ

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಬೇಡಿಕೆ ಗೋವಾಕ್ಕೆ ವಿಶೇಷ ಸ್ಥಾನಮಾನ. ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಹದಿನಾಲ್ಕೂವರೆ ಲಕ್ಷ. ದೆಹಲಿ, ಮುಂಬಯಿಯ ಹಣ ಬಂದು ಎರಡನೇ ಮನೆ ಕೊಳ್ಳುತ್ತಾ ಹೋದರೆ ಊರು ಉಳಿಯುವುದಿಲ್ಲ ಎಂಬ ಆತಂಕ ಸುಳ್ಳಲ್ಲ. ಸಂವಿಧಾನದ 371ಐ ವಿಧಿ ಗೋವಾ ಬಗ್ಗೆ ಹೇಳುವುದು ಇಷ್ಟೇ: ವಿಧಾನಸಭೆಯಲ್ಲಿ ಮೂವತ್ತಕ್ಕೆ ಕಡಿಮೆ ಇಲ್ಲದಂತೆ ಸದಸ್ಯರಿರಬೇಕು. ನಾಗಾಲ್ಯಾಂಡಿನ 371ಎ, ಮಿಜೋರಾಮಿನ 371ಜಿ ವಿಧಿಗಳಂತೆ ಇಲ್ಲೂ ಭೂಮಿಗೆ ರಕ್ಷಣೆ ಬೇಕು ಎಂಬುದು ಚಳವಳಿಯ ವಾದ.

ಬಿರ್ಲಾದ ಕನ್ನಡಿಗನಿಗೆ ಈ ಮಾತು ಬೇರೆ ರೀತಿ ಕೇಳಿಸುತ್ತದೆ. ನಮ್ಮವರನ್ನು ಘಾಟಿ, ಅಂದರೆ ಘಟ್ಟದಾಚೆಯವರು, ಎಂದು ಹೀಗಳೆದು ಕರೆಯುವ ಊರಿದು. 2004ರ ಮಳೆಗಾಲದಲ್ಲಿ ವಾಸ್ಕೋದ ಬೈನಾ ತೀರದಲ್ಲಿ ಗುಡಿಸಲುಗಳನ್ನು ಕೆಡವಿದ್ದು ಇನ್ನೂ ನೆನಪಿದೆ. ಅಂಥ ನೆನಪು ಇರುವವರಿಗೆ 'ಭೂಮಿ ಗೋವಾದವರಿಗೆ' ಎಂಬ ಘೋಷಣೆ ದೆಹಲಿಯ ಬಂಗಲೆಯ ಬಗ್ಗೆ ಎಂದು ಅನ್ನಿಸುವುದಿಲ್ಲ. ತಮ್ಮ ಶೀಟಿನ ಮನೆಯ ಬಗ್ಗೆ ಎಂದೇ ಅನ್ನಿಸುತ್ತದೆ.

ಸೆಂಟ್ರಿಂಗ್ ಮೇಸ್ತ್ರಿಯೊಬ್ಬರು, ಮುದ್ದೇಬಿಹಾಳ ಕಡೆಯವರು, ಓಣಿಯಲ್ಲೆಲ್ಲ ಕಾಕಾ ಎಂದೇ ಕರೆಯುತ್ತಾರೆ, ಒಮ್ಮೆ ನನಗೆ ಹೇಳಿದರು: "ರೇಷನ್ ಕಾರ್ಡ್ ಇಲ್ಲೀದು, ವೋಟ್ ಇಲ್ಲೀದು, ಮಕ್ಕಳು ಹುಟ್ಟಿದ್ದೂ ಇಲ್ಲೇ. ಆದ್ರ ಜಾಗಾದ ಮಾತು ಬಂತಂದ್ರ ನಾವು ಹೊರಗಿನವ್ರು. ಎಲೆಕ್ಷನ್ ಬಂದಾಗ ಎಲ್ಲಾ ಪಾರ್ಟಿಯವ್ರೂ ಬರ್ತಾರ, ಕನ್ನಡದಾಗ ಮೈಕ್ ಹಚ್ಚತಾರ. ನೀರು ಕೊಡ್ತೀವಿ, ಗಟಾರ ಕಟ್ಟಸ್ತೀವಿ ಅಂತಾರ. ಈ ವಾಸನಿ ನಿಮ್ಮ ಮಕ್ಕಳಿಗೂ ಹತ್ತತದ, ಬರ್ರಿ ಕೂಡಿ ಕೇಳೂಣು ಅಂತ ಒಬ್ರೂ ಅಂದಿಲ್ಲ ನೋಡ್ರಿ."

ಈ ಪ್ರಕರಣದ ತಿರುಳು ಈ ಕೊನೆಯ ಮಾತಿನಲ್ಲಿದೆ. ಕಾರ್ಖಾನೆಯ ಗಾಳಿ ಗುಡ್ಡದ ಮೇಲೆ ಮೊದಲು ಬೀಸುತ್ತದೆ, ತೀರಕ್ಕೆ ಆಮೇಲೆ. ಬಂದರಿನಲ್ಲಿ ಇಳಿಯುವ ಕಲ್ಲಿದ್ದಲಿನ ದೂಳು ವಾಸ್ಕೋದ ಬಡ ಓಣಿಗಳ ನೀರಿನ ಕೊಡದ ಮೇಲೆ ಕೂರುತ್ತದೆ. ಆದರೆ ಗೋವಾದ ಪರಿಸರ ಚಳವಳಿ ತನ್ನನ್ನು 'ಗೋಂಯ್ಕಾರ'ನ, ಅಂದರೆ ಮೂಲ ಗೋವಾದವನ, ಚಳವಳಿ ಎಂದೇ ಕಂಡುಕೊಂಡಿತು. ಗುಡ್ಡದ ಕೂಲಿಯವನನ್ನು ಒಂದೋ ಕಾರ್ಖಾನೆಯ ಕಡೆಯವನೆಂದು, ಇಲ್ಲವೇ ಇನ್ನೊಂದು ಪಕ್ಷದ ವೋಟು ಎಂದು ಕಂಡಿತು. ರಾಂಪೊಣ್‌ಕಾರರನ್ನು ಕೇರಳ, ತಮಿಳುನಾಡಿನ ಮೀನುಗಾರರ ಜತೆ ಒಂದೇ ವೇದಿಕೆಗೆ ತಂದ ಚಳವಳಿಗೆ, ಎರಡೇ ಮೈಲಿ ದೂರದ ಗುಡ್ಡದಲ್ಲಿದ್ದ, ಬಾದಾಮಿಯಿಂದ ಬಂದ ಗಾರೆ ಕೆಲಸದವರನ್ನು ಕರೆಯುವುದು ಕಷ್ಟವಾಯಿತು. ತಪ್ಪು ಒಂದೇ ಕಡೆಯದಲ್ಲ. ನಮ್ಮ ಸಂಘಗಳು ರಾಜ್ಯೋತ್ಸವ, ಬಸವ ಜಯಂತಿ ಮಾಡಿದಷ್ಟು ಆಸ್ಥೆಯಿಂದ ಪಂಚಾಯತಿಯ ಗ್ರಾಮಸಭೆಗೆ ಹೋಗಿ ಕೂತಿಲ್ಲ. ಗೋವಾದಲ್ಲಿ ಗ್ರಾಮಸಭೆ ಎಂದರೆ ದೊಡ್ಡ ಬಲ, ಅಲ್ಲಿ ಎದ್ದ ಗದ್ದಲಕ್ಕೆ ದೊಡ್ಡ ದೊಡ್ಡ ಯೋಜನೆಗಳು ನಿಂತಿವೆ.

ಸಂವಿಧಾನದ ಅದೇ ಸಾಲಿನಲ್ಲಿ ಕೊಪ್ಪಳ, ರಾಯಚೂರು, ಯಾದಗಿರಿಗೆ ಏನಾಯಿತು ನೋಡಿ. ಹೈದರಾಬಾದ್ ಕರ್ನಾಟಕಕ್ಕೆ 371ಜೆ ವಿಧಿ ಕೊಡುವ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಅದರಲ್ಲಿವೆ. ಊರಲ್ಲಿ ಕೆಲಸವಿಲ್ಲದೆ ಗೋವಾದ ಗುಡ್ಡಕ್ಕೆ ಬಂದ ಕೊಪ್ಪಳದವನ ತಾಲೂಕಿಗೂ 'ಸ್ಥಳೀಯರಿಗೆ ಮೊದಲು' ಎಂಬ ರಕ್ಷಣೆ ಸಿಕ್ಕಿದೆ. ತನ್ನ ಊರಿಗೆ ಅದು ನ್ಯಾಯ ಎಂದು ಕಂಡವನು ಗೋವಾದವರ ಭಯವನ್ನು ಪೂರ್ತಿ ತಳ್ಳಿಹಾಕಲಾರ. ಈ ಮಾತನ್ನು ಕುಠಾಳಿಯ ಒಂದು ಸಭೆಯಲ್ಲಿ ಕೊಂಕಣಿ, ಕನ್ನಡ ಎರಡರಲ್ಲೂ ಯಾರಾದರೂ ಆಡಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಕುರ್ಚಿಯ ಅಳತೆ

2012ರ ಮಾರ್ಚ್ 3ರ ಚುನಾವಣೆಗೆ ಸಾಲ್ಡಾನಾ ನಿಂತದ್ದು ಬಿಜೆಪಿಯಿಂದ. ಕುಠಾಳಿಯಲ್ಲಿ ಗೆದ್ದರು. ಮತ್ತೆ ಪರ್ರಿಕರ್ ಮುಖ್ಯಮಂತ್ರಿ, ಸಾಲ್ಡಾನಾಗೆ ಮತ್ತೆ ಪ್ರವಾಸೋದ್ಯಮ. ಮಾರ್ಚ್ 21ರಂದು ಹೃದಯಾಘಾತದಿಂದ ತೀರಿಕೊಂಡರು, ಮಂತ್ರಿಯಾಗಿ ಎರಡು ವಾರವೂ ತುಂಬಿರಲಿಲ್ಲ.

ಉಪಚುನಾವಣೆಯಲ್ಲಿ ಅವರ ಹೆಂಡತಿ ಅಲೀನಾ ಸಾಲ್ಡಾನಾ ಶಾಸಕಿಯಾದರು, ಪರಿಸರ ಮತ್ತು ಅರಣ್ಯ ಖಾತೆ ಅವರಿಗೆ ಬಂತು. ಗಂಡ ಜೀವಮಾನವಿಡೀ ಹೊರಗಿನಿಂದ ತಟ್ಟಿದ ಬಾಗಿಲಿನ ಒಳಗಡೆ ಈಗ ಹೆಂಡತಿ ಕೂತಿದ್ದರು. ಆದರೆ ಆ ವರ್ಷಗಳ ಅತಿ ದೊಡ್ಡ ಪರಿಸರ ತೀರ್ಮಾನ ಅವರ ಮೇಜಿನಿಂದ ಹೊರಡಲಿಲ್ಲ. ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ನ್ಯಾಯಮೂರ್ತಿ ಶಾ ಆಯೋಗದ ವರದಿ ಬಂದ ಮೇಲೆ 2012ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದಿರು ಗಣಿಗಾರಿಕೆ ತಡೆಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2014ರ ಏಪ್ರಿಲಿನಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ ಮಿತಿ ಹಾಕಿ ಮತ್ತೆ ಬಿಟ್ಟದ್ದೂ ಅದೇ ಕೋರ್ಟು. 2011ರಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತದ್ದೂ ಹೀಗೇ, ಕೋರ್ಟಿನಿಂದ. 2016ರಲ್ಲಂತೂ ಅವರ ಪಕ್ಷದ ಸರ್ಕಾರವೇ ಮರ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಿಂದ ತೆಂಗನ್ನು ತೆಗೆದುಹಾಕಿ ನಗೆಪಾಟಲಾಯಿತು. ಮರುವರ್ಷ ಹೊಸ ಸಮ್ಮಿಶ್ರ ಸರ್ಕಾರ ಅದನ್ನು ಸರಿಪಡಿಸಬೇಕಾಯಿತು.

2017ರಲ್ಲಿ ಅಲೀನಾ ಮತ್ತೆ ಗೆದ್ದರು. 2021ರ ಡಿಸೆಂಬರಿನಲ್ಲಿ ಬಿಜೆಪಿ ಬಿಟ್ಟು ಆಮ್ ಆದ್ಮಿ ಪಾರ್ಟಿ ಸೇರಿದರು. 2022ರಲ್ಲಿ ಸೋತರು. ಕುಠಾಳಿ ಪಕ್ಷೇತರ ಆಂತೋನಿಯೊ ವಾಸ್ ಪಾಲಾಯಿತು.

ಅಲ್ಲಿಗೆ ಕ್ಷೇತ್ರದಲ್ಲಿ ಸಾಲ್ಡಾನಾ ಮನೆತನದ ಅಧ್ಯಾಯ ನಿಂತಿತು. ಆದರೆ ಚಳವಳಿಯ ದಾರಿ ನಿಲ್ಲಲಿಲ್ಲ, ಮತ್ತು ಈ ಸಲ ಅದು ನೇರ ಕರ್ನಾಟಕಕ್ಕೇ ಬಂದು ಮುಟ್ಟುತ್ತದೆ. ಮುರ್ಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ರೈಲಿನಲ್ಲಿ ಬ್ರಗಾಂಝಾ ಘಾಟಿ ಹತ್ತಿ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗುತ್ತದೆ. ತಿನೈಘಾಟ್‌ನಿಂದ ವಾಸ್ಕೋವರೆಗೆ ಹಳಿ ಜೋಡಿ ಮಾಡುವುದು ಈ ಕಲ್ಲಿದ್ದಲಿಗಾಗಿಯೇ ಎಂದು ಹೋರಾಟಗಾರರು ಹೇಳಿದರು. 2020ರ ನವೆಂಬರ್ 1ರ ರಾತ್ರಿ ಚಾಂದೋರಿನಲ್ಲಿ ಸಾವಿರಾರು ಜನ ಹಳಿಯ ಮೇಲೆ ಬಂದು ನಿಂತರು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಮೊಲೆಂ ಅರಣ್ಯದ ಮೂಲಕ ಹೋಗುವ ಆ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನು ರದ್ದು ಮಾಡಿತು. ಮತ್ತೆ ಗೆದ್ದದ್ದು ಬೀದಿ ಮತ್ತು ಕೋರ್ಟು.

ಕಲ್ಲಿದ್ದಲು ವಿರೋಧಿ ಹೋರಾಟದಲ್ಲಿದ್ದ ನಿವೃತ್ತ ನೌಕಾಪಡೆ ಕ್ಯಾಪ್ಟನ್ ವಿರಿಯಾತೊ ಫೆರ್ನಾಂಡಿಸ್ 2022ರಲ್ಲಿ ದಾಬೋಳಿಯಲ್ಲಿ ಸೋತು, 2024ರಲ್ಲಿ ಕಾಂಗ್ರೆಸ್ಸಿನಿಂದ ದಕ್ಷಿಣ ಗೋವಾದ ಸಂಸದರಾದರು. ಕುಠಾಳಿ, ವಾಸ್ಕೋ ಎರಡೂ ಅವರ ಕ್ಷೇತ್ರದಲ್ಲೇ ಇವೆ. ವಾಸ್ಕೋದ ದೂಳಿನಲ್ಲಿ ಬದುಕುವ ಕನ್ನಡದವನ ತವರಿನ ಪಕ್ಕದಲ್ಲೇ ತೋರಣಗಲ್ಲಿದೆ. ಕಲ್ಲಿದ್ದಲಿನ ವಿಷಯದಲ್ಲಿ ಹಳಿಯ ಈ ತುದಿಯನ್ನೂ ಆ ತುದಿಯನ್ನೂ ಬಲ್ಲವನು ಅವನೊಬ್ಬನೇ. ನಮ್ಮ ಸಂಘಗಳು ಮುಂದಿನ ಗ್ರಾಮಸಭೆಗೆ, ಸಂಸದರ ಕಚೇರಿಗೆ ಒಂದು ಕನ್ನಡ-ಕೊಂಕಣಿ ಅರ್ಜಿ ಹಿಡಿದು ಹೋಗಲಿ. ಹೊಗೆ, ದೂಳು, ಅಮೋನಿಯಾ ಸೋರಿದರೆ ಓಡುವ ದಾರಿ ಯಾವುದು, ಸೈರನ್ ಊದಿದರೆ ಬಿರ್ಲಾದ ಓಣಿಗೆ ಕನ್ನಡದಲ್ಲಿ ಸೂಚನೆ ಕೊಡುವವರು ಯಾರು ಎಂಬ ಪ್ರಶ್ನೆಗಳು ಅದರಲ್ಲಿರಲಿ.